ಬೆಳೆಯ ಹಣ, ಅಂಗಡಿಯ ಹಣ: ರೈತರಿಗೆ ಆದಾಯ ತೆರಿಗೆಯ ತಿಳುವಳಿಕೆ

ಬೇಸಾಯಗಾರರಿಗೆ ಆದಾಯ ತೆರಿಗೆ ಇಲ್ಲವೆಂಬುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಇದು ಪೂರ್ತಿ ಸರಿಯಲ್ಲ. ವಿನಾಯಿತಿ ಇರುವುದು ಕೃಷಿ ಆದಾಯಕ್ಕೆ. ರೈತನ ಎಲ್ಲ ಆದಾಯಕ್ಕೂ ಅಲ್ಲ. ಈಗ ಅನೇಕ ರೈತರು ಬೇಸಾಯದ ಜೊತೆಗೆ ಗೊಬ್ಬರದ ಅಂಗಡಿ, ಹೈನುಗಾರಿಕೆ, ಟ್ರ್ಯಾಕ್ಟರ್ ಬಾಡಿಗೆ ಮುಂತಾದ ಕಸುಬುಗಳನ್ನು ನಡೆಸುತ್ತಾರೆ. ಎಲ್ಲ ಹಣವೂ ಒಂದೇ ಬ್ಯಾಂಕ್ ಖಾತೆಗೆ ಬಂದು ಸೇರುತ್ತದೆ. ವರ್ಷದ ಕೊನೆಗೆ ಯಾವುದು ಬೆಳೆಯ ಹಣ, ಯಾವುದು ಅಂಗಡಿಯ ಹಣ ಎಂದು ತೋರಿಸಲಾಗದಿದ್ದರೆ, ಇದ್ದ ವಿನಾಯಿತಿಯೂ ಕೈತಪ್ಪುವ ಸಂಭವವಿದೆ.

ಯಾವುದು ಕೃಷಿ ಆದಾಯ?

ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನವು ಕೇಂದ್ರಕ್ಕೆ ಕೊಡದೆ ರಾಜ್ಯಗಳಿಗೆ ಕೊಟ್ಟಿದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿದ್ದ ವಿನಾಯಿತಿಯನ್ನು 2025ರ ಹೊಸ ಕಾಯ್ದೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ.

ಭೂಮಿಯಲ್ಲಿ ಬೆಳೆದ ಫಸಲಿನ ಮಾರಾಟ, ಸಾಗುವಳಿ ಜಮೀನಿನ ಗುತ್ತಿಗೆ ಹಣ, ನರ್ಸರಿಯ ಸಸಿಗಳ ಮಾರಾಟ ಇವು ಕೃಷಿ ಆದಾಯ. ರಾಗಿ ಒಕ್ಕಣೆ, ಮೆಣಸಿನಕಾಯಿ ಒಣಗಿಸುವುದು ಮುಂತಾಗಿ, ಫಸಲನ್ನು ಮಾರುಕಟ್ಟೆಗೆ ಯೋಗ್ಯವಾಗಿಸಲು ರೈತನು ಸಾಮಾನ್ಯವಾಗಿ ಮಾಡುವ ಕೆಲಸವೂ ಇದರಲ್ಲಿ ಸೇರುತ್ತದೆ.

ಹಾಲು, ಕೋಳಿ, ಮೀನು ಸಾಕಣೆಗಳ ಲಾಭ ಕೃಷಿ ಆದಾಯವಲ್ಲ. ಹಿಪ್ಪುನೇರಳೆ ಸೊಪ್ಪು ಮಾರಿದರೆ ಕೃಷಿ ಆದಾಯ. ರೇಷ್ಮೆಗೂಡು ಮಾರಿದರೆ ಅಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಸ್ವಂತ ಕಬ್ಬಿನಿಂದ ಆಲೆಮನೆಯಲ್ಲಿ ಬೆಲ್ಲ ಮಾಡಿದಾಗ ಕಬ್ಬಿನ ಮಾರುಕಟ್ಟೆ ಬೆಲೆಯಷ್ಟು ಭಾಗವನ್ನು ಕೃಷಿಗೂ, ಉಳಿದುದನ್ನು ವ್ಯಾಪಾರಕ್ಕೂ ಲೆಕ್ಕ ಹಾಕಬೇಕು. 2025-26ರ ಆದಾಯಕ್ಕೆ ಅನ್ವಯಿಸುವ ನಿಯಮದಂತೆ, ಕಾಫಿ ಬೆಳೆಗಾರರು ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ. 25 ಭಾಗ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗ ವ್ಯಾಪಾರದ ಆದಾಯವಾಗುತ್ತದೆ.

ಒಂದು ಉದಾಹರಣೆ

ಒಬ್ಬ ರೈತರಿಗೆ 2025-26ರಲ್ಲಿ ಗೊಬ್ಬರದ ಅಂಗಡಿಯಿಂದ 9 ಲಕ್ಷ ರೂ. ಮತ್ತು ಖರ್ಚು ಕಳೆದು ಬೆಳೆಯಿಂದ 5 ಲಕ್ಷ ರೂ. ನಿವ್ವಳ ಆದಾಯ ಬಂದಿದೆ ಎಂದಿಟ್ಟುಕೊಳ್ಳೋಣ. ಬೇರೆ ಆದಾಯವು ತೆರಿಗೆರಹಿತ ಮಿತಿಯನ್ನು, ಅಂದರೆ ಹೊಸ ಪದ್ಧತಿಯಲ್ಲಿ 4 ಲಕ್ಷವನ್ನು ಮೀರಿ, ಕೃಷಿ ಆದಾಯ 5,000 ರೂ. ಮೀರಿದರೆ, ತೆರಿಗೆಯ ದರ ಗೊತ್ತುಮಾಡಲು ಮಾತ್ರ ಎರಡನ್ನೂ ಕೂಡಿಸುತ್ತಾರೆ. ಲೆಕ್ಕ ಹೀಗೆ:

1. ಒಟ್ಟು 14 ಲಕ್ಷಕ್ಕೆ ತೆರಿಗೆ: 90,000 ರೂ.
2. ಕೃಷಿಯ 5 ಲಕ್ಷಕ್ಕೆ 4 ಲಕ್ಷ ಸೇರಿಸಿ, 9 ಲಕ್ಷಕ್ಕೆ ತೆರಿಗೆ: 30,000 ರೂ.
3. ವ್ಯತ್ಯಾಸ: 60,000 ರೂ.

ಕೃಷಿಯನ್ನು ಬಿಟ್ಟು ಉಳಿದ ಆದಾಯ 12 ಲಕ್ಷದೊಳಗೆ ಇರುವುದರಿಂದ 60,000 ರೂ.ವರೆಗೆ ರಿಯಾಯಿತಿ ಸಿಗುತ್ತದೆ. ಆದುದರಿಂದ ಇವರು ಕಟ್ಟಬೇಕಾದ ತೆರಿಗೆ ಏನೂ ಇಲ್ಲ.

ಅದೇ ರೈತರ ಬಳಿ ಬೆಳೆ ಮಾರಿದ ಒಂದು ಚೀಟಿಯೂ ಇಲ್ಲದೆ, ಆ 5 ಲಕ್ಷವನ್ನೂ ಅಂಗಡಿಯ ಲಾಭವೆಂದು ಅಧಿಕಾರಿಗಳು ಪರಿಗಣಿಸಿದರೆ? 14 ಲಕ್ಷಕ್ಕೆ ತೆರಿಗೆ ಮತ್ತು ಶೇ. 4ರ ಸೆಸ್ ಸೇರಿ 93,600 ರೂ. ಆಗುತ್ತದೆ. ಮೂಲವೇ ತಿಳಿಯದ ಹಣವೆಂದು ತೀರ್ಮಾನವಾದರೆ ಹೊರೆ ಇನ್ನೂ ಹೆಚ್ಚು. ಬೆಳೆ ಅದೇ, ದುಡಿಮೆ ಅದೇ. ವ್ಯತ್ಯಾಸ ಕೇವಲ ಕಾಗದಪತ್ರದ್ದು.

ರೈತರು ಅನುಸರಿಸಬೇಕಾದ ಕ್ರಮಗಳು

1. ಬೇಸಾಯಕ್ಕೆ ಒಂದು, ವ್ಯಾಪಾರಕ್ಕೆ ಒಂದು ಬ್ಯಾಂಕ್ ಖಾತೆ ಇಟ್ಟುಕೊಳ್ಳಿ.

2. ಪಹಣಿ, ಗುತ್ತಿಗೆ ಕರಾರು, ಮಂಡಿಯ ಮಾರಾಟದ ಚೀಟಿ, ಕಾರ್ಖಾನೆಯ ಕಬ್ಬಿನ ತೂಕದ ಚೀಟಿ ಇವುಗಳನ್ನು ವರ್ಷವಾರು ಕಟ್ಟಿಡಿ. ಪಹಣಿ ಜಮೀನನ್ನು ತೋರಿಸುತ್ತದೆ. ಮಾರಾಟವನ್ನು ತೋರಿಸಲು ಚೀಟಿಯೇ ಬೇಕು.

3. ಬೀಜ, ಗೊಬ್ಬರ, ಔಷಧಿ, ಆಳುಕೂಲಿಯ ಖರ್ಚನ್ನು ಅಂದಂದೇ ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಇದರಿಂದ ಯಾವ ಬೆಳೆ ಲಾಭ ಕೊಟ್ಟಿತೆಂಬುದೂ ತಿಳಿಯುತ್ತದೆ.

4. ವರ್ಷಕ್ಕೆ 2 ಕೋಟಿ ರೂ.ವರೆಗೆ ವಹಿವಾಟಿರುವ ಸಣ್ಣ ವ್ಯಾಪಾರಿಗಳು, ಪೂರ್ಣ ಲೆಕ್ಕಪುಸ್ತಕವಿಲ್ಲದೆ, ವಹಿವಾಟಿನ ಶೇ. 8ನ್ನು ಲಾಭವೆಂದು ತೋರಿಸಬಹುದು. ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ. 6 ಸಾಕು. ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ಕಮಿಷನ್ ಆದಾಯಕ್ಕೆ ಈ ಸೌಲಭ್ಯವಿಲ್ಲ.

5. ತೆರಿಗೆ ಇಲ್ಲವೆಂದು ರಿಟರ್ನ್ ಸಲ್ಲಿಸದೆ ಇರಬೇಡಿ. ಮೇಲಿನ ಉದಾಹರಣೆಯ ರೈತರು ತೆರಿಗೆ ಕಟ್ಟಬೇಕಿಲ್ಲ. ಆದರೆ ರಿಟರ್ನ್ ಸಲ್ಲಿಸಲೇಬೇಕು.

6. ಸರಿಯಾದ ನಮೂನೆಯನ್ನು ಆರಿಸಿ. 2025-26ರ ಆದಾಯಕ್ಕೆ, ಕೃಷಿ ಆದಾಯ 5,000 ರೂ. ಮೀರಿದವರಿಗೆ ಐಟಿಆರ್-1 ಮತ್ತು ಐಟಿಆರ್-4 ನಮೂನೆಗಳು ಸಲ್ಲುವುದಿಲ್ಲ. ವ್ಯಾಪಾರವೂ ಇದ್ದರೆ ಐಟಿಆರ್-3 ತುಂಬಬೇಕು. ಕೃಷಿ ಆದಾಯ 5 ಲಕ್ಷ ಮೀರಿದರೆ ಜಮೀನಿನ ವಿಸ್ತೀರ್ಣ, ಇರುವ ಸ್ಥಳ, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಖುಷ್ಕಿಯೋ ಎಂಬ ವಿವರ ಕೊಡಬೇಕು.

2026ರ ಏಪ್ರಿಲ್ 1 ಹೊಸ ಕಾಯ್ದೆ ಜಾರಿಯ ದಿನ. ನಮೂನೆ, ದರ ಮತ್ತು ಕೊನೆಯ ದಿನಾಂಕಗಳನ್ನು ಪ್ರತಿ ವರ್ಷವೂ ತಿಳಿದವರಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮಳೆಗೆ ಮುಂಚೆ ಬೀಜ ಹೊಂದಿಸಿಕೊಳ್ಳುವಂತೆ, ವರ್ಷದ ಆರಂಭದಲ್ಲಿಯೇ ಚೀಟಿಗಳಿಗೆ ಒಂದು ಚೀಲ, ಲೆಕ್ಕಕ್ಕೆ ಒಂದು ಪುಸ್ತಕ ಹೊಂದಿಸಿಕೊಂಡರೆ ಮುಂದಿನ ಕೆಲಸ ಸುಲಭವಾಗುತ್ತದೆ.