ಪರದೆಯ ಮೇಲಣ ಎಚ್ಚರಿಕೆ: ನಿಜವೋ, ಹುಸಿಯೋ?

ಮುಸ್ಸಂಜೆಯಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆದರುವವನ ದೃಷ್ಟಾಂತವನ್ನು ನಮ್ಮ ಶಾಸ್ತ್ರಕಾರರು ಮತ್ತೆ ಮತ್ತೆ ಎತ್ತಿ ಹೇಳಿರುವರು. ಈಚಿನ ದಿನಗಳಲ್ಲಿ ಆ ಹಗ್ಗವು ಮನೆಯ ಕಂಪ್ಯೂಟರಿನ ಪರದೆಯ ಮೇಲೆಯೂ ಕಾಣಿಸಿಕೊಳ್ಳುತ್ತಿರುವುದು. ಪಂಚಾಂಗವನ್ನೋ ವರ್ತಮಾನವನ್ನೋ ಓದುತ್ತಿರುವಾಗ ಥಟ್ಟನೆ ಪರದೆಯೆಲ್ಲ ಕೆಂಪಾಗುವುದು. ಕರ್ಕಶವಾದ ಧ್ವನಿಯು ಮೊಳಗುವುದು. “ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಈ ನಂಬರಿಗೆ ಫೋನು ಮಾಡಿ” ಎಂಬ ಅಪ್ಪಣೆಯು ಮೂಡುವುದು. ಮಕ್ಕಳನ್ನು ಪರಸ್ಥಳಕ್ಕೆ ಕಳುಹಿಸಿ, ಪಿಂಚಣಿಯ ಹಣವನ್ನು ನಂಬಿ ಬಾಳುವ ವೃದ್ಧರು ಇದನ್ನು ಕಂಡು ಕಂಗೆಡುವುದು ಸಹಜವೇ. ಆದುದರಿಂದ ಇದರ ಸತ್ಯಾಸತ್ಯವನ್ನರಿಯುವ ಬಗೆಯನ್ನು ವಾಚಕರ ಮುಂದಿಡುವೆವು.

ಮೊದಲು ತಿಳಿಯತಕ್ಕ ತತ್ತ್ವವು ಇಷ್ಟೇ. ಕ್ರೋಮ್, ಎಡ್ಜ್ ಮುಂತಾದ ಬ್ರೌಸರಿನಲ್ಲಿ ತೆರೆಯುವ ಪುಟವು ಒಂದು ಚಿತ್ರಪಟವಿದ್ದಂತೆ. ಮೈಕ್ರೋಸಾಫ್ಟಿನ ಲಾಂಛನವನ್ನಾಗಲಿ, ವೈರಸುಗಳನ್ನು ಎಣಿಸುವಂತೆ ಓಡುವ ಅಂಕೆಗಳನ್ನಾಗಲಿ ಅದರಲ್ಲಿ ಯಾರು ಬೇಕಾದರೂ ಬರೆಯಬಹುದು. ಆದರೆ ನಿಮ್ಮ ಯಂತ್ರದೊಳಗಣ ಕಡತಗಳನ್ನು ಶೋಧಿಸುವ ಶಕ್ತಿಯು ಆ ಪುಟಕ್ಕಿಲ್ಲ. ದಾರಿಹೋಕನು ಬೀದಿಯ ಗೋಡೆಗೆ ಅಂಟಿಸಿದ ಕಾಗದವನ್ನು ನಂಬಿ, ನಮ್ಮ ಉಗ್ರಾಣದಲ್ಲಿ ಹಾವಿರುವುದೆಂದು ನಿಶ್ಚಯಿಸಬಹುದೆ?

ಎರಡನೆಯದಾಗಿ, ನಿಜಕ್ಕೂ ಹುಸಿಗೂ ಒಂದು ಸ್ಪಷ್ಟವಾದ ಭೇದವುಂಟು. ಮೈಕ್ರೋಸಾಫ್ಟ್ ಸಂಸ್ಥೆಯೇ ಸಾರಿರುವಂತೆ, ಅದರ ಎಚ್ಚರಿಕೆಗಳಲ್ಲಿ ಫೋನ್ ನಂಬರು ಎಂದಿಗೂ ಇರುವುದಿಲ್ಲ. ಕ್ರೋಮ್ ಬ್ರೌಸರು ತಾನಾಗಿ ತೋರಿಸುವ ಕೆಂಪು ಪುಟವೂ ಒಂದುಂಟು; ಅದು ಅಪಾಯಕರವಾದ ತಾಣವನ್ನು ಹೊಗದಂತೆ ತಡೆಯುವುದು. ನಿಜವಾದ ಎಚ್ಚರಿಕೆಯು “ಹಿಂದಿರುಗು” ಎನ್ನುವುದು. ಹುಸಿಯಾದದ್ದು “ನನ್ನ ಬಳಿಗೆ ಬಾ” ಎನ್ನುವುದು.

ಇಷ್ಟಾದರೂ ಸಂದೇಹವುಳಿದರೆ ಪರೀಕ್ಷೆ ಮಾಡತಕ್ಕದ್ದು. ಜ್ಞಾನವು ಯಥಾರ್ಥವೆಂಬುದು ಅದರಿಂದಲೇ ತಿಳಿಯದು, ಬೇರೊಂದು ಪ್ರಮಾಣದಿಂದ ತಿಳಿಯಬೇಕೆಂದು ನೈಯಾಯಿಕರು ವಾದಿಸುವರು. ಇಲ್ಲಿಯೂ ಅದೇ ನ್ಯಾಯ. ಆ ಎಚ್ಚರಿಕೆಯ ಯಾವ ಗುಂಡಿಯನ್ನೂ ಒತ್ತದೆ ಬ್ರೌಸರನ್ನು ಮುಚ್ಚಬೇಕು. ಅದು ಮುಚ್ಚದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಿಂದ ನಿಲ್ಲಿಸಬಹುದು. ಮರಳಿ ತೆರೆದಾಗ, ಹಿಂದಿನ ಪುಟಗಳನ್ನು ತರಲೇ ಎಂದು ಅದು ಕೇಳಿದರೆ ಬೇಡವೆನ್ನತಕ್ಕದ್ದು. ಅನಂತರ ಸ್ಟಾರ್ಟ್ ಗುಂಡಿಯ ಮೂಲಕ ‘ವಿಂಡೋಸ್ ಸೆಕ್ಯುರಿಟಿ’ಯನ್ನು ನಾವೇ ತೆರೆದು ಶೋಧನೆ ನಡೆಸಬೇಕು. ವಿಂಡೋಸ್ ೧೦ ಮತ್ತು ೧೧ರಲ್ಲಿ ಈ ಕಾವಲುಗಾರನು ಯಂತ್ರದೊಡನೆಯೇ ಬಂದಿರುವನು. ಅವನು ಹೇಳುವ ಮಾತೇ ಪ್ರಮಾಣ.

ಫೋನು ಮಾಡಿದವರ ಗತಿಯೇನು? ಅತ್ತ ಕಡೆಯವನು ವಿನಯದಿಂದ ಮಾತನಾಡಿ, ದೂರದಿಂದ ಯಂತ್ರವನ್ನು ನಡೆಸುವ ಸಾಧನವೊಂದನ್ನು ಹಾಕಿಸುವನು. ‘ಇವೆಂಟ್ ವ್ಯೂವರ್’ ಎಂಬ ದಿನಚರಿಯನ್ನು ತೆರೆದು, ಸುಸ್ಥಿತಿಯಲ್ಲಿರುವ ಯಂತ್ರದಲ್ಲಿಯೂ ದಾಖಲಾಗುವ ಸಣ್ಣಪುಟ್ಟ ದೋಷಗಳನ್ನು ಮಹಾರೋಗವೆಂದು ಬಣ್ಣಿಸುವನು. ಕಡೆಗೆ ಹಣವನ್ನು ಕೇಳುವನು, ಇಲ್ಲವೆ ಬ್ಯಾಂಕಿನ ಖಾತೆಗೇ ಕೈಹಾಕುವನು. ೨೦೨೩ರ ಅಕ್ಟೋಬರಿನಲ್ಲಿ ಸಿ.ಬಿ.ಐ.ಯವರು ‘ಆಪರೇಷನ್ ಚಕ್ರ-೨’ ಎಂಬ ಹೆಸರಿನಿಂದ ದೇಶದ ೭೬ ಸ್ಥಳಗಳಲ್ಲಿ ಶೋಧ ನಡೆಸಿದಾಗ, ಇಂತಹ ವಂಚಕರ ಕಾಲ್ ಸೆಂಟರುಗಳೂ ಅದಕ್ಕೆ ಗುರಿಯಾದವು.

ಒಂದು ವೇಳೆ ಯಾರಾದರೂ ಈ ಬಲೆಗೆ ಬಿದ್ದಿದ್ದರೆ, ತಕ್ಷಣವೇ ಇಂಟರ್ನೆಟ್ಟಿನ ಸಂಪರ್ಕವನ್ನು ಕಡಿದು, ಬ್ಯಾಂಕಿಗೆ ತಿಳಿಸಿ, ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರು ಕೊಡಬೇಕು. ಬೇರೊಂದು ಯಂತ್ರದಿಂದ ಪಾಸ್‌ವರ್ಡುಗಳನ್ನು ಬದಲಾಯಿಸಬೇಕು. ಇಲ್ಲಿ ವಿಳಂಬವೇ ದೊಡ್ಡ ಶತ್ರು. ವಿಳಂಬಕ್ಕೆ ಬಹುಮಟ್ಟಿಗೆ ಕಾರಣವು ಲಜ್ಜೆ. ಕಿರಿಯರು ನಗುವರೆಂಬ ಅಂಜಿಕೆಯಿಂದ ಹಿರಿಯರು ಬಾಯಿ ಬಿಡದಿರುವುದುಂಟು. ಆದುದರಿಂದ ಹಿರಿಯರು ಕೇಳಲು ಸಂಕೋಚಪಡಕೂಡದು; ಕಿರಿಯರು ಹತ್ತನೆಯ ಸಲವೂ ಬೇಸರಿಸದೆ ಉತ್ತರ ಕೊಡಬೇಕು. ದೀಪ ಹಿಡಿದು ನೋಡುವವರು ಹತ್ತಿರವಿದ್ದ ಮನೆಯಲ್ಲಿ ಹಗ್ಗವು ಬಹುಕಾಲ ಹಾವಾಗಿ ಉಳಿಯದು.