ಶೇಂಗಾಬೀಜ, ಮಾದಲಹಣ್ಣು ಮತ್ತು ಮಗಳ ಲೆಕ್ಕ

"ಅಮ್ಮಾ, ನಾನು ಪರೀಕ್ಷೆಗೆ ಕೂರಲ್ಲ. ಕರೂರಿನ ಯಾವುದಾದರೂ ಶೆಡ್ಡಿಗೆ ಕೆಲಸಕ್ಕೆ ಹೋಗ್ತೀನಿ!" ಹತ್ತನೇ ತರಗತಿಯ ಮಗಳು ಗಣಿತದ ಪುಸ್ತಕವನ್ನು ಅಡುಗೆಕಟ್ಟೆಯ ಮೇಲೆ ಎಸೆದಳು. ಅವಳ ಮುಖ ನೋಡುತ್ತ ನಿಂತ ನನಗೆ ಹಂಚಿನ ಮೇಲಿನ ರೊಟ್ಟಿ ಸೀದದ್ದೂ ತಿಳಿಯಲಿಲ್ಲ.

ಕರೂರು ಕೈಗಾರಿಕಾ ಪ್ರದೇಶ ನಮ್ಮ ಮನೆಗೆ ಹತ್ತಿರ. ನಮ್ಮ ಮನೆಯವರು ದುಡಿಯುವುದೂ ಅಲ್ಲೇ. ಆ ದುಡಿಮೆ ಕೀಳೆಂದು ನಾನು ಹೇಳುವುದಿಲ್ಲ. ಆದರೆ ಒಂದು ಲೆಕ್ಕಕ್ಕೆ ಹೆದರಿ ಶಾಲೆ ಬಿಡುವುದೇ? ನಾನೂ ಹೈಸ್ಕೂಲಿಗೇ ನಿಂತವಳು. ಗಣಿತದ ಪಿರಿಯಡ್ ಎಂದರೆ ಹೊಟ್ಟೆ ಕಲಸುತ್ತಿದ್ದ ದಿನಗಳು ಇನ್ನೂ ನೆನಪಿವೆ.

ಅಂಥಾ ಲೆಕ್ಕ ಯಾವುದು ಅಂತೀರಾ? ಎರಡು ಸಂಖ್ಯೆಗಳನ್ನು ಕೂಡಿದರೆ 50, ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 12. ಆ ಸಂಖ್ಯೆಗಳು ಯಾವುವು? ನಾನು 50 ಶೇಂಗಾಬೀಜ ಎಣಿಸಿ ಅವಳ ಮುಂದಿಟ್ಟೆ. "ಎರಡು ಬಟ್ಟಲಿಗೆ ಹಾಕು. ಒಂದರಲ್ಲಿ 12 ಹೆಚ್ಚಿರಬೇಕು, ಅಷ್ಟೇ."

ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ 12 ಬೀಜ ಬದಿಗಿಟ್ಟು, ಉಳಿದ 38ನ್ನು ಹತ್ತೊಂಬತ್ತರಂತೆ ಸಮನಾಗಿ ಹಂಚಿ, ಬದಿಗಿಟ್ಟಿದ್ದನ್ನು ಒಂದು ಬಟ್ಟಲಿಗೆ ಸುರಿದಳು. 31 ಮತ್ತು 19! ಪುಸ್ತಕದ ಎಕ್ಸ್, ವೈ ಮಾಡುವುದೂ ಇದನ್ನೇ ನೋಡಿ.

ಅವಳು ಮುಗ್ಗರಿಸುತ್ತಿದ್ದದ್ದು ಕೂಡಿ ಕಳೆಯುವುದರಲ್ಲಲ್ಲ, ಮಾತನ್ನು ಸಮೀಕರಣ ಮಾಡುವುದರಲ್ಲಿ. 'ಮೊದಲನೆಯದು ಎರಡನೆಯದರ ಎರಡರಷ್ಟಕ್ಕಿಂತ 3 ಕಡಿಮೆ, ಎರಡರ ಮೊತ್ತ 48' ಎಂದಿದ್ದರೆ, 3ರಲ್ಲಿ ಎರಡರಷ್ಟನ್ನು ಕಳೆದು ಬರೆಯುತ್ತಿದ್ದಳು. "10ಕ್ಕಿಂತ 3 ಕಡಿಮೆ ಎಷ್ಟು?" ಎಂದೆ. "ಏಳು." "ಹೇಗೆ ಕಳೆದೆ?" ಅವಳಿಗೇ ನಗು ಬಂತು. ಎರಡರಷ್ಟರಲ್ಲಿ 3 ಕಳೆಯಬೇಕು. ಹಾಗೆ ಬರೆದರೆ ಎರಡನೆಯದರ ಮೂರರಷ್ಟು 51 ಆಗುತ್ತದೆ. ಸಂಖ್ಯೆಗಳು 17 ಮತ್ತು 31. ಉತ್ತರ ಬಂದ ಮೇಲೆ ಪ್ರಶ್ನೆಯ ಮಾತಿಗೆ ಹಚ್ಚಿ ನೋಡುವುದನ್ನು ಮಾತ್ರ ಬಿಡಬಾರದು.

ಈ ಲೆಕ್ಕಗಳು ಎಲ್ಲಿಂದಲೋ ಬಂದ ಪೀಡೆ ಎಂದುಕೊಂಡಿದ್ದೆ. ಅಲ್ಲವಂತೆ! ನಮ್ಮ ಓಣಿಯ ನಿವೃತ್ತ ಮೇಷ್ಟ್ರು ಹೇಳಿದರು: ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣಿನದೇ ಒಂದು ಲೆಕ್ಕವಿದೆ. 9 ಮಾದಲಹಣ್ಣು, 7 ಬೇಲದಹಣ್ಣಿಗೆ ಒಟ್ಟು ಬೆಲೆ 107. 7 ಮಾದಲ, 9 ಬೇಲಕ್ಕೆ 101. ಒಂದೊಂದಕ್ಕೆ ಎಷ್ಟು?

ಎರಡೂ ಖರೀದಿ ಕೂಡಿಸಿ. 16 ಮಾದಲ, 16 ಬೇಲ, ಒಟ್ಟು 208. ಅಂದರೆ ಒಂದು ಮಾದಲ, ಒಂದು ಬೇಲ ಸೇರಿ 13. ಈಗ ಒಂದರಲ್ಲಿ ಇನ್ನೊಂದನ್ನು ಕಳೆಯಿರಿ. 2 ಬೇಲದ ಬದಲು 2 ಮಾದಲ ಕೊಂಡಿದ್ದಕ್ಕೆ 6 ಹೆಚ್ಚಾಗಿದೆ. ಅಂದಮೇಲೆ ಬೇಲಕ್ಕಿಂತ ಮಾದಲಕ್ಕೆ 3 ಹೆಚ್ಚು. ಮೊತ್ತ 13, ವ್ಯತ್ಯಾಸ 3. ಮತ್ತೆ ನಮ್ಮ ಶೇಂಗಾಬೀಜವೇ! 3 ಬದಿಗಿಟ್ಟು ಉಳಿದ 10ನ್ನು ಹಂಚಿದರೆ ಬೇಲ 5, ಮಾದಲ 8.

ಮಗಳು ಇದನ್ನು ಎಷ್ಟು ಹಚ್ಚಿಕೊಂಡಳೆಂದರೆ, ನನ್ನ ಹೊಲಿಗೆ ಚೀಟಿಗಳನ್ನೂ ಬಿಡಲಿಲ್ಲ. ನಾನು ಒಂದು ಅಂಗಡಿಗೆ ಲಂಗ, ರವಿಕೆ ಹೊಲಿದುಕೊಡುತ್ತೇನೆ. ಅವರು ಬಿಡಿ ದರ ಬರೆಯುವುದಿಲ್ಲ, ಒಟ್ಟು ಹಣ ಮಾತ್ರ. ಒಂದು ಚೀಟಿಯಲ್ಲಿ 3 ಲಂಗ, 5 ರವಿಕೆಗೆ 580 ರೂಪಾಯಿ. ಇನ್ನೊಂದರಲ್ಲಿ 5 ಲಂಗ, 3 ರವಿಕೆಗೆ 540. ಪೆನ್ಸಿಲ್ ಹಿಡಿದು ಕೂತವಳು ತಲೆಯೆತ್ತಿದಳು.

"ರವಿಕೆಗೆ 80 ಸರಿ. ಲಂಗಕ್ಕೆ 65 ಅಂತ ಮಾತಾಗಿತ್ತಲ್ಲಮ್ಮಾ? 60ರಂತೆ ಕೊಟ್ಟಿದ್ದಾರೆ."

8 ಲಂಗಕ್ಕೆ 40 ರೂಪಾಯಿ ಕಡಿಮೆ! ಮರುದಿನ ಅವಳನ್ನೂ ಕರೆದುಕೊಂಡು ಹೋದೆ. ಅಂಗಡಿಯವರು ಮೊದಲು "ಅದೆಲ್ಲಾ ಸರಿ ಐತಿ ಬಿಡಕ್ಕಾ" ಎಂದು ತೇಲಿಸಿದರು. ಇವಳು ಚೀಟಿ ತಿರುಗಿಸಿ ಹಿಂದಿನ ಲೆಕ್ಕ ತೋರಿಸಿದಳು. ಗಲ್ಲಾಪೆಟ್ಟಿಗೆ ತೆರೆಯಿತು.

ಈಗ ಶೆಡ್ಡಿನ ಮಾತಿಲ್ಲ. ತ್ರಿಕೋನಮಿತಿಯ ಗೋಳು ಶುರುವಾಗಿದೆ. ಅದಕ್ಕೆ ಮೇಷ್ಟ್ರನ್ನೇ ಹಿಡಿಯಬೇಕು, ಶೇಂಗಾಬೀಜ ಸಾಲದು.