ಮದುವೆಯ ಮಂಗಳ ವಸ್ತುಗಳು: ಸಂಪ್ರದಾಯದ ಹಿಂದಿರುವ ಕಸುಬುಗಳು

ಮದುವೆಯ ಲಗ್ನಗಳು ಸಮೀಪಿಸಿದಂತೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಿಂದ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಅಂಗಡಿಗಳವರೆಗೆ ಅರಿಶಿನ, ಕುಂಕುಮ, ಬಳೆ, ಬಾಸಿಂಗಗಳ ವ್ಯಾಪಾರ ಚುರುಕಾಗುತ್ತದೆ. ಒಂದೊಂದರ ಬೆಲೆಯೂ ಅಲ್ಪ. ಆದರೆ ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಶಾಸ್ತ್ರ ನಡೆಯದು.

ಪ್ರತಿ ವಸ್ತುವಿಗೂ ಒಂದು ಅರ್ಥವಿದೆ. ಚಪ್ಪರದಲ್ಲಿ ನೆಡುವ ಹಾಲುಗಂಬವು ಹಾಲು ಸುರಿಸುವ ಮರದ ಕೊಂಬೆ. ಅದು ವಂಶವೃದ್ಧಿಯ ಹಾರೈಕೆ. ಅರಿಶಿನದ ಕೊಂಬು ಕಟ್ಟಿದ ಕಂಕಣವು ಕಾರ್ಯ ಮುಗಿಯುವವರೆಗಿನ ದೀಕ್ಷೆ. ಹಣೆಗೆ ಕಟ್ಟುವ ಬಾಸಿಂಗ ವಧೂವರರನ್ನು ಆ ದಿನದ ಮಟ್ಟಿಗೆ ದೇವತಾಸ್ವರೂಪರನ್ನಾಗಿಸುತ್ತದೆ. ಐರಣೆ ಎಂದು ಕರೆಯುವ, ಬಣ್ಣದ ಚಿತ್ತಾರದ ಮಡಕೆಗಳು ತುಂಬಿದ ಮನೆಯ ಸಂಕೇತ.

ಈ ವಸ್ತುಗಳ ಹಿಂದೆ ಹಲವು ಕಸುಬುಗಳು ನಿಂತಿವೆ. ವಾದ್ಯ ಸಮೇತ ಕುಂಬಾರರ ಮನೆಗೆ ಹೋಗಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯವನ್ನಿತ್ತು ಮಡಕೆ ತರುವುದು ಹಿಂದಿನ ಪದ್ಧತಿ. ಅದು ಖರೀದಿಯೂ ಹೌದು, ಗೌರವವೂ ಹೌದು. ಬೆಂಡಿನ ಬಾಸಿಂಗ ಕಟ್ಟುವವರು, ಮೊರ ಹೆಣೆಯುವವರು, ತಾಳಿ ಮತ್ತು ಕಾಲುಂಗುರ ಮಾಡುವ ಅಕ್ಕಸಾಲಿಗರು, ಬಳೆಗಾರರು ಎಲ್ಲರಿಗೂ ಮದುವೆಯೇ ದೊಡ್ಡ ಗಿರಾಕಿ.

ಮದುವೆಯು ಮನೆಯಂಗಳದಿಂದ ಕಲ್ಯಾಣ ಮಂಟಪಕ್ಕೆ ಸ್ಥಳಾಂತರಗೊಂಡಂತೆ ಈ ಸಂಬಂಧ ಸಡಿಲಗೊಂಡಿದೆ. ಸಾಮಗ್ರಿಗಳ ಹೊಣೆ ಗುತ್ತಿಗೆದಾರರಿಗೆ ಸೇರಿದಾಗ ಬೆಂಡಿನ ಸ್ಥಾನದಲ್ಲಿ ಥರ್ಮೋಕೋಲ್, ಬಿದಿರಿನ ಮೊರದ ಸ್ಥಾನದಲ್ಲಿ ಪ್ಲಾಸ್ಟಿಕ್ ಬರುತ್ತದೆ. ಶಾಸ್ತ್ರ ಉಳಿದರೂ ಕಸುಬಿನ ಕುಟುಂಬಕ್ಕೆ ಸಲ್ಲಬೇಕಾದ ಹಣ ಊರು ಬಿಟ್ಟು ಹೋಗುತ್ತದೆ.

ಇಂತಹ ಪರಿವರ್ತನೆ ಇಲ್ಲಿ ಮಾತ್ರ ಕಂಡದ್ದಲ್ಲ. ಕೊರಿಯಾದ ಸಾಂಪ್ರದಾಯಿಕ ವಿವಾಹದಲ್ಲಿ ವರನು ವಧುವಿನ ತಾಯಿಗೆ ಮರದ ಹೆಬ್ಬಾತನ್ನು ಒಪ್ಪಿಸುತ್ತಾನೆ. ಅದು ಬಾಳಿನುದ್ದದ ನಿಷ್ಠೆಯ ಗುರುತು. ಸಂತಾನ ಪ್ರಾಪ್ತಿಯ ಹಾರೈಕೆಯಾಗಿ ಬೋರೆಹಣ್ಣಿನ ಜಾತಿಯ ಒಣಹಣ್ಣು ಹಾಗೂ ಚೆಸ್ಟ್‌ನಟ್ ಕಾಯಿಗಳನ್ನು ವಧುವಿನತ್ತ ಎಸೆಯುವುದುಂಟು. ಅಲ್ಲಿ ಮದುವೆಯ ಮರದ ಹಕ್ಕಿಗಳ ಜೋಡಿ ಇಂದು ನೆನಪಿನ ಕಾಣಿಕೆಯಾಗಿಯೂ ಮಾರಾಟವಾಗುತ್ತದೆ. ಒಂದು ದಿನದ ವಸ್ತುವನ್ನು ಮನೆಯಲ್ಲಿರಿಸಿಕೊಳ್ಳುವ ವಸ್ತುವಾಗಿಸಿದ್ದು ಗಮನಿಸತಕ್ಕ ಅಂಶ. ಚಿತ್ತಾರದ ಐರಣೆ ಮಡಕೆಗೂ ಆ ಯೋಗ್ಯತೆಯಿದೆ.

ವರ್ತಕರಿಗೆ ಕೆಲವು ಅನುಕೂಲಗಳೂ ಇವೆ. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಕುಂಕುಮ, ಗಾಜಿನ ಬಳೆ ಹಾಗೂ ಮಣ್ಣಿನ ಮಡಕೆಗಳಿಗೆ ತೆರಿಗೆಯಿಲ್ಲ; ಚಿನ್ನದ ಆಭರಣಕ್ಕೆ ಶೇ. 3. ಚಿನ್ನಾಭರಣಗಳಿಗೆ ಹಾಲ್‌ಮಾರ್ಕ್ ಅನ್ನು 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯಗೊಳಿಸಿದಾಗ 2 ಗ್ರಾಂಗಿಂತ ಕಡಿಮೆ ತೂಕದವುಗಳಿಗೆ ವಿನಾಯಿತಿ ನೀಡಲಾಯಿತು. ಪುಟ್ಟ ತಾಳಿಬೊಟ್ಟು ಮಾಡುವ ಅಕ್ಕಸಾಲಿಗರಿಗೆ ಇದು ಮುಖ್ಯ. 2023ರ ಸೆಪ್ಟೆಂಬರ್ 17ರಂದು ಆರಂಭಗೊಂಡ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆ, ಅಕ್ಕಸಾಲಿಕೆ, ಹೂಮಾಲೆ ಕಟ್ಟುವಿಕೆ, ಬುಟ್ಟಿ ಹೆಣಿಕೆ ಸೇರಿವೆ. ಇದರಲ್ಲಿ ಮೊದಲ ಕಂತಾಗಿ 1 ಲಕ್ಷ ರೂ., ಎರಡನೆಯದಾಗಿ 2 ಲಕ್ಷ ರೂ.ಗಳವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲಕ್ಕೆ ಅವಕಾಶ ಕಲ್ಪಿಸಲಾಗಿದೆ.

ಆದರೆ ಸಾಲಕ್ಕಿಂತ ಮೊದಲು ಬೇಕಾದದ್ದು ಬೇಡಿಕೆಯ ಭರವಸೆ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಆದರೆ ಮಳೆಯಿಲ್ಲದ ಆ ದಿನಗಳು ಮಡಕೆ ಒಣಗಲು ಹದವಾದವು. ಆಷಾಢದಲ್ಲಿ ಒಳಗೆ ಕುಳಿತು ಬಾಸಿಂಗ ಕಟ್ಟಬಹುದು. ಆ ಬಿಡುವಿನ ತಿಂಗಳುಗಳಲ್ಲಿ ಮುಂಗಡವಿತ್ತು ಮಾಲು ಮಾಡಿಸಿದರೆ ಕಸುಬುದಾರರ ಒಲೆ ಉರಿಯುತ್ತದೆ; ಲಗ್ನದ ಕಾಲಕ್ಕೆ ವರ್ತಕರಿಗೂ ಸರಕು ಕೈಯಲ್ಲಿರುತ್ತದೆ.